ಸೈರನ್ ಹೊತ್ತಿಗೆ ಬರುತ್ತಿದ್ದ ಕೂಸು

ನಾನು ಪೀಣ್ಯಕ್ಕೆ ಬಂದಾಗ ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿತ್ತು. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಹೊಲದಲ್ಲಿ ತೆನೆ, ಪಕ್ಕದ ಹೊಲದಲ್ಲಿ ತಗಡಿನ ಶೆಡ್ಡು, ಅದರಾಚೆ ಮತ್ತೆ ತೆನೆ. ಬೆಳಿಗ್ಗೆ ಲೇತ್ ಮಿಷಿನ್ನುಗಳು ಕೀರಲು ಶುರುಮಾಡುವ ಮುಂಚೆ ಎತ್ತುಗಳ ಕೊರಳ ಗಂಟೆ ಕೇಳಿಸುತ್ತಿತ್ತು. ಮದುವೆಯಾಗಿ ಕುಣಿಗಲ್ ಕಡೆಯಿಂದ ಬಂದ ನನಗೆ ಆ ಗಂಟೆಯ ಸದ್ದೇ ಆಸರೆ. ಊರು ಪೂರ್ತಿ ಕೈಬಿಟ್ಟುಹೋಗಿಲ್ಲ ಅನ್ನಿಸುತ್ತಿತ್ತು.

ನನ್ನ ಗಂಡ ಶ್ಯಾಮಣ್ಣ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಟರ್ನರ್. ನಾವಿದ್ದದ್ದು ರಾಜಗೋಪಾಲನಗರದ ಕಡೆ, ವೆಂಕಟರಮಣಪ್ಪನವರ ವಠಾರದಲ್ಲಿ. ಅವರು ಆ ಊರಿನ ಹಳೇ ಒಕ್ಕಲು ಮನೆತನದವರು. ಫ್ಯಾಕ್ಟರಿಗಳಿಗೆ ಹೋದ ಜಮೀನು ಹೋಗಿ ಉಳಿದ ಹೊಲದಂಚಿನಲ್ಲಿ ಸಾಲಾಗಿ ಒಂಟಿ ಕೋಣೆಯ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹೆಸರಿಗೆ ಮಾತ್ರ ಅವರು ಮಾಲೀಕರು. ವಠಾರವನ್ನು ಆಳುತ್ತಿದ್ದವರು ಅವರ ತಾಯಿ ಸೊಣ್ಣಮ್ಮಜ್ಜಿ.

ಎತ್ತರದ ಹೆಂಗಸು. ಎರಡೂ ಮುಂಗೈ ತುಂಬ ಹಚ್ಚೆ. ಅವರೆಕಾಯಿ ಕಾಲದಲ್ಲಿ ಪ್ರತಿ ಬಾಗಿಲಿಗೂ ಮಡಿಲು ತುಂಬ ಕಾಯಿ ತಂದು ಸುರಿದುಹೋಗುವರು. ವಠಾರದಲ್ಲಿ ಯಾವ ಕೂಸು ಹುಟ್ಟಿದರೂ ಎಣ್ಣೆ ತಿಕ್ಕಿ, ಕಾಲು ಚಾಚಿ ಮಲಗಿಸಿಕೊಂಡು, ಬಿಸಿನೀರು ಎರೆಯುವ ಕೆಲಸ ಅವರದೇ. ನಮ್ಮ ಜಾತಿ ಯಾವುದು, ಊರು ಯಾವುದು ಎಂದು ಮೊದಲ ದಿನ ಕೇಳಿದ್ದು ಬಿಟ್ಟರೆ ಮತ್ತೆಂದೂ ಕೇಳಲಿಲ್ಲ. ನನ್ನ ಮಗಳು ಹೇಮಾವತಿಗೂ ಅವರೇ ನೀರು ಎರೆದರು. "ಮೂಗು ನಿಮ್ಮಪ್ಪಂದು ಕಣೇ, ಪಾಪ" ಎಂದು ದಿನಾ ಅವಳ ಮೂಗು ನೀವುತ್ತಿದ್ದರು.

ನಾನು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಎಲ್ಲ ಹುಡುಗಿಯರೇ, ಬೆಂಚಿನ ಮೇಲೆ ಸಾಲಾಗಿ ಕೂತು ಸುತ್ತುವುದು. ಹೆರಿಗೆಯಾದ ಮೇಲೆ ಕೆಲವು ತಿಂಗಳು ಮನೆಯಲ್ಲಿದ್ದೆ. ಆಮೇಲೆ ಸೂಪರ್‌ವೈಸರ್ ಹೇಳಿ ಕಳಿಸಿದರು, ಬರದಿದ್ದರೆ ಬೇರೆಯವರನ್ನು ತಗೊಳ್ತೀವಿ ಅಂತ. ಸೊಣ್ಣಮ್ಮಜ್ಜಿಯೇ ಧೈರ್ಯ ಹೇಳಿದರು.

"ಓಗಮ್ಮಿ, ಓಗು. ಮಗ ನನ್ತಾವಿರ್ತದೆ. ಸೀಸೆ ಒಂದು ತಂದ್ಕೊಡು, ಸಾಕು."

ಯಶವಂತಪುರಕ್ಕೆ ಹೋಗಿ ಹಾಲಿನ ಪುಡಿ ಡಬ್ಬವನ್ನೂ ರಬ್ಬರ್ ತೊಟ್ಟಿನ ಸೀಸೆಯನ್ನೂ ತಂದೆವು. ಆ ಸೀಸೆ ಬಂದ ದಿನ ನಮಗೆಲ್ಲ ಎಷ್ಟು ಹೆಮ್ಮೆ! ಡಬ್ಬದ ಮೇಲೆ ಗುಂಡುಗುಂಡಗಿನ ಕೂಸಿನ ಚಿತ್ರ. ಹೇಮನೂ ಹಾಗಾಗುತ್ತಾಳೆ ಎಂದುಕೊಂಡೆ. ಪುಡಿ ಬೇಗ ಖಾಲಿಯಾಗುತ್ತದೆ ಎಂದು ನೀರು ಸ್ವಲ್ಪ ಜಾಸ್ತಿ ಬೆರೆಸುತ್ತಿದ್ದೆವು. ಬೆಳಿಗ್ಗೆ ಕಲಸಿದ ಹಾಲನ್ನು ಅರ್ಧ ಕುಡಿದು ಕೂಸು ಮಲಗಿದರೆ ಸೀಸೆ ಕಿಟಕಿಯ ಮೇಲೆ ಇರುತ್ತಿತ್ತು, ಎದ್ದಾಗ ಉಳಿದದ್ದನ್ನು ಕುಡಿಸುವುದು. ತೊಳೆಯುತ್ತಿದ್ದದ್ದು ಬಾವಿಯ ತಣ್ಣೀರಿನಲ್ಲಿ.

ಆ ಬಾವಿಯ ವಿಷಯವನ್ನೂ ಹೇಳಬೇಕು. ವಠಾರದ ಮೂಲೆಯ ಸೇದುವ ಬಾವಿ, ಸಿಹಿನೀರು. ಸಂಜೆ ಕೆಲಸದಿಂದ ಬಂದು ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದೆವು. ರಾಟೆಯ ಕಿರುಗುಟ್ಟುವಿಕೆ, ಬಟ್ಟೆ ಒಗೆಯುವ ಸದ್ದು, ನಗು, ಯಾರದೋ ಗಂಡನ ಕಥೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಸಂಜೆಗಳು ಕಾಣುತ್ತವೆ. ಆದರೆ ಬಾವಿಗೆ ಕಟ್ಟೆ ಇರಲಿಲ್ಲ. ಒಗೆಯುವ ಕಲ್ಲು ಬಾವಿಯ ಬಾಯಿಗೆ ಅಂಟಿಕೊಂಡೇ ಇತ್ತು. ಕೂಸುಗಳ ಹೊಲಸು ಬಟ್ಟೆಯನ್ನೂ ಅಲ್ಲೇ ಒಗೆಯುವುದು, ಮಕ್ಕಳು ಅಲ್ಲೇ ಬೇಲಿ ಮರೆಯಲ್ಲಿ ಕೂರುವುದು. ಮಳೆ ಬಂದರೆ ಎಲ್ಲ ಹರಿದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಹಿಂದಿನ ವರ್ಷ ಮುಂಗಾರು ಶುರುವಾದಾಗ ನಮ್ಮ ಪಕ್ಕದ ಮನೆಯ ಪಿಳ್ಳಮ್ಮನ ಮಗ ವಾಂತಿಭೇದಿಯಾಗಿ ತೀರಿಕೊಂಡಿದ್ದ. ಇನ್ನೂ ತೊದಲು ಮಾತು ಬಾರದ ಕೂಸು. ದೃಷ್ಟಿಯಾಗಿದೆ ಎಂದು ನಿವಾಳಿಸಿದರು, ಬಳೆಯ ಚೂರು ಕಾಯಿಸಿ ಹೊಟ್ಟೆಗೆ ಬರೆ ಹಾಕಿಸಿದರು. ಉಳಿಯಲಿಲ್ಲ. ಪಿಳ್ಳಮ್ಮ ಆಮೇಲೆ ಮಾತು ಕಮ್ಮಿ ಮಾಡಿಬಿಟ್ಟಳು. ಹೇಮ ಹುಟ್ಟಿದ ಮೇಲೆ ಆಗಾಗ ಬಂದು ತೊಟ್ಟಿಲ ಪಕ್ಕ ಕೂರುತ್ತಿದ್ದಳು. ಎತ್ತಿಕೋ ಎಂದರೆ ಬೇಡ ಎನ್ನುತ್ತಿದ್ದಳು.

ಆ ವರ್ಷದ ಮೊದಲ ಮಳೆ ಬಿದ್ದು ಕೆಲವು ದಿನಕ್ಕೆ ಹೇಮನಿಗೂ ಶುರುವಾಯಿತು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಸೊಣ್ಣಮ್ಮಜ್ಜಿ ಬಾಗಿಲಲ್ಲೇ ನಿಂತಿದ್ದರು. "ನೀರ್ ನೀರಂಗೆ ಓಗ್ತಾವ್ಳೆ ಕಣಮ್ಮಿ. ಕುಡಿದಿದ್ನೂ ಕಕ್ಕಿಬಿಟ್ಲು." ನಾನು ಹಾಲು ಕೊಡಲು ಹೋದರೆ ಕೈ ಹಿಡಿದರು.

"ಬ್ಯಾಡ. ಬೆಳಗಿಂದ ತಗಡಿನ ಝಳದಾಗೆ ದುಡಿದು ಬಂದಿದ್ದೀಯ, ಆಲು ಕಾದಿರ್ತದೆ. ನೀರೂ ಕೊಡ್ಬ್ಯಾಡ. ಮೇಲಿಂದ ಉಯ್ದಂಗೆಲ್ಲಾ ಕೆಳಗೆ ಓಗ್ತದೆ. ಒಟ್ಟೆ ಒಣಗ್ಲಿ, ತಾನಾಗೇ ನಿಲ್ತದೆ."

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಅವರ ಅತ್ತೆ ಅವರಿಗೆ ಹೇಳಿದ್ದು ಅದೇ, ನನ್ನ ಅವ್ವ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ಮಾರನೆಯ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಹೇಮ ಮೊದಮೊದಲು ಕಿರುಚಿದಳು, ಆಮೇಲೆ ಅಳು ಸಣ್ಣದಾಯಿತು. ಮತ್ತೊಂದು ಬೆಳಗಾಗುವಷ್ಟರಲ್ಲಿ ಕಣ್ಣು ಗುಳಿಬಿದ್ದಿತ್ತು. ನೆತ್ತಿಯ ಮೆತ್ತನೆ ಜಾಗ ಬಟ್ಟಲಿನ ಹಾಗೆ ತಗ್ಗಾಗಿತ್ತು. ಅಳುತ್ತಿದ್ದಳು, ಆದರೆ ಕಣ್ಣಲ್ಲಿ ನೀರೇ ಇಲ್ಲ.

"ಚಿಕ್ಕಮುನಿಯಮ್ಮನ್ನ ಕರೆಸ್ತೀನಿ. ಬರೆ ಆಕಿದ್ರೆ ಸರೋಯ್ತದೆ" ಎಂದು ಸೊಣ್ಣಮ್ಮಜ್ಜಿ ಎದ್ದರು.

ಆಗ ಬಾಗಿಲ ಹತ್ತಿರ ಪಿಳ್ಳಮ್ಮ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ.

"ಬ್ಯಾಡಜ್ಜಿ" ಎಂದಳು. "ಬರೆ ಬ್ಯಾಡ. ನನ್ ಮಗೀಗೆ ಆಕ್ಸಿದ್ವಲ್ಲ. ಸಾಯೋ ಕೂಸಿಗೆ ಅದೊಂದು ನೋವು ಜಾಸ್ತಿ ಕೊಟ್ವಿ, ಅಷ್ಟೇಯ." ಒಂದು ವರ್ಷದಲ್ಲಿ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. "ಇಸ್ಕೂಲ್ ತಾವ ಸೂಜಿ ಆಕೋ ನರ್ಸಮ್ಮ ಬಂದವ್ರೆ. ನಾನು ಓಗಿ ಕರ್ಕೊಂಡ್ಬತ್ತೀನಿ."

ಸೊಣ್ಣಮ್ಮಜ್ಜಿಯ ಉತ್ತರಕ್ಕೂ ಕಾಯದೆ ಸೆರಗು ಸಿಕ್ಕಿಸಿಕೊಂಡು ಓಡಿದಳು.

ನರ್ಸಮ್ಮನ ಹೆಸರು ಥೆರೆಸಮ್ಮ. ಜಾಲಹಳ್ಳಿ ಕಡೆಯಿಂದ ಬರುತ್ತಿದ್ದವರು. ಗಿಡ್ಡಗೆ, ಕನ್ನಡಕ, ಕೈಯಲ್ಲಿ ಗಂಡಸರ ಕೊಡೆ. ಒಳಗೆ ಬಂದವರೇ ಹೇಮನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತು, ನಿಧಾನವಾಗಿ ಇಳಿಯಿತು.

"ಯಾವಾಗಿಂದ ನೀರು ಕೊಟ್ಟಿಲ್ಲ?"

ನಾನು ಹೇಳಿದೆ. ಅವರು ಬೈಯಲಿಲ್ಲ. "ಮಗು ಒಣಗಿಹೋಗಿದೆ ಕಣಮ್ಮಾ. ಭೇದಿ ತಾನಾಗಿ ನಿಲ್ಲತ್ತೆ. ಅಲ್ಲೀವರೆಗೂ ಮೈಯಲ್ಲಿ ನೀರು ಇರಬೇಕು. ಅಷ್ಟೇ ನೋಡ್ಕೋಬೇಕಾಗಿರೋದು. ಕಾಯಿಸಿ ಆರಿಸಿದ ನೀರಿದೆಯಾ?"

ಇರಲಿಲ್ಲ. ಪಿಳ್ಳಮ್ಮ ಸೀಮೆಎಣ್ಣೆ ಸ್ಟವ್ ಹಚ್ಚಿ ನೀರಿಟ್ಟಳು. ಕುದಿದು ಆರಿದ ಮೇಲೆ ಥೆರೆಸಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು ಅದರಲ್ಲಿ ಕದಡಿದರು. ಇದು ಮುಗಿದರೆ ಮನೆಯಲ್ಲೇ ಹೇಗೆ ಸಕ್ಕರೆ, ಉಪ್ಪು ಅಳೆದು ಬೆರೆಸಬೇಕು ಎಂದೂ ತೋರಿಸಿದರು. "ಬೆರೆಸಿದ ಮೇಲೆ ನೀವು ಮೊದಲು ನಾಲಿಗೆಗೆ ಹಾಕ್ಕೊಂಡು ನೋಡಿ. ಕಣ್ಣೀರಿಗಿಂತ ಉಪ್ಪಾಗಿರಬಾರದು" ಎಂದರು. ಆ ಹೊತ್ತಿನಲ್ಲಿ ಆ ರುಚಿ ನನಗೆ ಚೆನ್ನಾಗಿ ಗೊತ್ತಿತ್ತು.

ಸೊಣ್ಣಮ್ಮಜ್ಜಿ ಗೋಡೆಗೊರಗಿ ನಿಂತೇ ಇದ್ದರು. "ನೋಡ್ತಾ ಇರು ತಾಯಿ, ಎಲ್ಲಾ ಕೆಳಗೆ ಓಗ್ತದೆ" ಎಂದರು.

"ಹೋಗಲಿ ಅಜ್ಜಿ. ಹೋದಷ್ಟೂ ಮತ್ತೆ ಕುಡಿಸೋಣ."

ಮೊದಲ ಚಮಚವನ್ನು ಹೇಮ ಕಕ್ಕಿದಳು. ನಾನು ಹೆದರಿ ಕೈ ಹಿಂದೆಗೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ, ನಿಧಾನಕ್ಕೆ, ಎಂದರು ಥೆರೆಸಮ್ಮ. ಮತ್ತೆ ಕೊಟ್ಟೆ. ಈ ಸಲ ನೀರು ತುಟಿಗೆ ತಾಗುತ್ತಲೇ ಕೂಸು ನಾಲಿಗೆ ಚಾಚಿತು. ಚಮಚವನ್ನು ವಸಡಿನಲ್ಲಿ ಕಚ್ಚಿ ಹಿಡಿಯಿತು. ನಾನು ಎಳೆದರೂ ಬಿಡಲಿಲ್ಲ. ಅಂಥ ದಾಹ.

ಸೊಣ್ಣಮ್ಮಜ್ಜಿ ಹೊಸಿಲ ಮೇಲೆ ಕುಸಿದು ಕೂತರು.

"ನನ್ ನಂಜನೂ ಇಂಗೇ ನಾಲ್ಗೆ ಚಾಚ್ತಿದ್ದ" ಎಂದರು.

ವೆಂಕಟರಮಣಪ್ಪನವರಿಗೆ ಮುಂಚೆ ಅವರಿಗೊಬ್ಬ ಮಗನಿದ್ದ ಎಂಬುದೇ ನಮಗೆ ಗೊತ್ತಿರಲಿಲ್ಲ. ಅವರೇ ನೆಲ ನೋಡುತ್ತ ಹೇಳಿದರು.

"ಅಂಬೆಗಾಲಿಡ್ತಿದ್ದ. ನೀರಿನ ಗಡಿಗೆ ಕಡೇಕ್ ಕೈ ಚಾಚಿ ಚಾಚಿ ಅಳೋನು. ನೋಡಕ್ಕಾಗ್ದೆ ನಾನು ಗಡಿಗೇನೆ ಎತ್ಕೊಂಡೋಗಿ ಮನೆ ಇಂದ್ಗಡೆ ಮಡಗ್ಬಿಟ್ಟೆ. ಅವನ ಕಣ್ಣಿಗೆ ಕಾಣ್ಬಾರ್ದು ಅಂತ." ಮುಂಗೈಯ ಹಚ್ಚೆ ಉಜ್ಜಿಕೊಳ್ಳುತ್ತ, "ನೀರೇ ಬೇಕಾಗಿತ್ತೇನೋ ನನ್ನಪ್ಪಂಗೆ" ಎಂದರು.

ಥೆರೆಸಮ್ಮ ಎದ್ದು ಬಂದು ಅವರ ಪಕ್ಕದಲ್ಲೇ ಹೊಸಿಲ ಮೇಲೆ ಕೂತರು. "ಆಗ ಯಾರಿಗೂ ಗೊತ್ತಿರಲಿಲ್ಲ ಅಜ್ಜಿ. ನೀವು ಅವನ ಒಳ್ಳೇದಕ್ಕೇ ಮಾಡಿದ್ದು" ಎಂದರು. ಪಿಳ್ಳಮ್ಮ ಸ್ಟವ್ ಮುಂದೆ ಕೂತಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಮೇಲೆ ಅಜ್ಜಿ ಎದ್ದು ನನ್ನ ಮುಂದೆ ಕೈ ಚಾಚಿದರು. "ಕೊಡು ಇಲ್ಲಿ. ನೀನು ಚೂರು ಮಲಕ್ಕೊ, ಕಣ್ಣು ಕೆಂಪಗಾಗವೆ. ನಾನು ಕುಡಿಸ್ತೀನಿ."

"ಮೊದಲು ಕೈ ಸೋಪು ಹಾಕಿ ತೊಳ್ಕೊಳ್ಳಿ ಅಜ್ಜಿ" ಎಂದರು ಥೆರೆಸಮ್ಮ.

ಯಾರ ಮಾತೂ ಕೇಳದ ಸೊಣ್ಣಮ್ಮಜ್ಜಿ ಹೋಗಿ ಮೊಣಕೈತನಕ ತೊಳೆದುಕೊಂಡು ಬಂದರು.

ಥೆರೆಸಮ್ಮ ಹೋಗುವ ಮುಂಚೆ ಖಡಾಖಂಡಿತವಾಗಿ ಹೇಳಿದ್ದರು: ಎದೆಹಾಲೂ ಕೊಡುತ್ತಿರಬೇಕು, ಕೂಸು ಸಂಜೆಯೊಳಗೆ ಉಚ್ಚೆ ಹೊಯ್ಯದಿದ್ದರೆ, ಇಲ್ಲವೆ ಮೈಮೇಲೆ ಗ್ಯಾನ ತಪ್ಪಿದ ಹಾಗೆ ಕಂಡರೆ, ಒಂದು ಗಳಿಗೆ ನಿಲ್ಲದೆ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಶ್ಯಾಮಣ್ಣ ವರ್ಕ್‌ಶಾಪಿನಿಂದ ಓಡಿಬಂದು, ಸಾಮಾನು ಸಾಗಿಸುವ ಟೆಂಪೋ ಒಂದನ್ನು ಒಪ್ಪಿಸಿ ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದರು. ಬಾಗಿಲಿಗೂ ಟೆಂಪೋಗೂ ಓಡಾಡುತ್ತಲೇ ಇದ್ದರು. ಸೊಣ್ಣಮ್ಮಜ್ಜಿ ಕೂತ ಜಾಗ ಬಿಟ್ಟು ಏಳಲಿಲ್ಲ. ಒಂದು ಚಮಚ, ಸ್ವಲ್ಪ ಬಿಡುವು, ಇನ್ನೊಂದು ಚಮಚ. ನಡುನಡುವೆ ನನ್ನ ಮಡಿಲಿಗೆ ಹಾಕುವರು, ಹಾಲು ಕುಡಿಸಿದ ಮೇಲೆ ಮತ್ತೆ ತಮ್ಮ ಮಡಿಲಿಗೆ. ಪಿಳ್ಳಮ್ಮ ಹಿಂದೆಯೇ ಕೂತು ನೀರು ಕಾಯಿಸಿ ಆರಿಸುತ್ತಿದ್ದಳು. ವಠಾರದ ಬೇರೆ ಹೆಂಗಸರು ಸರದಿಯ ಮೇಲೆ ನಮ್ಮ ಅಡುಗೆ ಮಾಡಿದರು. ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಆ ಕಾಲ ಹಾಗಿತ್ತು.

ಬಿಸಿಲು ಇಳಿಯುತ್ತಿದ್ದಾಗ ಅಜ್ಜಿಯ ಕೂಗು ಕೇಳಿತು.

"ಉಚ್ಚೆ ಉಯ್ದ್ಲು ಕಣ್ರೇ! ನನ್ ಸೀರೆ ಎಲ್ಲಾ ಒದ್ದೆ ಮಾಡಿಬಿಟ್ಲು, ನನ್ನವ್ವ!"

ಎಲ್ಲರೂ ಓಡಿಬಂದೆವು. ಮುದುಕಿ ಒದ್ದೆ ಸೀರೆಯನ್ನು ಎತ್ತಿ ತೋರಿಸುತ್ತ ನಗುತ್ತಿದ್ದರು. ವಠಾರವೆಲ್ಲ ನಕ್ಕಿತು. ಶ್ಯಾಮಣ್ಣ ಹೊರಗೆ ಟೆಂಪೋ ಡ್ರೈವರನ ಕೈ ಹಿಡಿದುಕೊಂಡು ಅತ್ತರಂತೆ, ಆ ಡ್ರೈವರ್ ಎಷ್ಟೋ ವರ್ಷ ಕಂಡಾಗಲೆಲ್ಲ "ಏನಣ್ಣಾ, ಪಾಪ ಹೆಂಗಿದೆ?" ಎಂದು ಕೇಳುತ್ತಿದ್ದ.

ಹೇಮ ಚೇತರಿಸಿಕೊಂಡಳು. ಥೆರೆಸಮ್ಮ ಮತ್ತೆ ನೋಡಲು ಬಂದಾಗ ಸೀಸೆಯನ್ನು ಕೇಳಿ ತರಿಸಿಕೊಂಡು, ತೊಟ್ಟನ್ನು ತಿರುಚಿ, ನನ್ನ ಮೂಗಿಗೆ ಹಿಡಿದರು. ಹುಳಿ ವಾಸನೆ. "ಇದರೊಳಗೆ ಕೈ ಹೋಗಲ್ಲ, ಎಷ್ಟು ತೊಳೆದರೂ ಅಷ್ಟೇ" ಎಂದರು. ಆಮೇಲೆ ಬಾವಿಯ ಹತ್ತಿರ ಹೋಗಿ ಸುಮ್ಮನೆ ಸುತ್ತ ನೋಡಿದರು. ಒಗೆಯುವ ಕಲ್ಲನ್ನೂ ಬೇಲಿ ಮರೆಯನ್ನೂ ನಾವೂ ಮೊದಲ ಸಲ ಅವರ ಕಣ್ಣಿನಿಂದ ನೋಡಿದೆವು.

"ಅಂಗಾರೆ ಇವ್ಳು ಕೆಲ್ಸಕ್ ಓದಾಗ ನಾನೇನ್ ಕುಡಿಸ್ಲಿ ತಾಯಿ?" ಎಂದರು ಸೊಣ್ಣಮ್ಮಜ್ಜಿ.

"ರಾಗಿ ಸರಿ ತಿನ್ನಿಸಬಹುದು ಈಗ, ಬಿಸಿಬಿಸಿಯಾಗಿ ಮಾಡಿ, ಬಟ್ಟಲಲ್ಲಿ. ಮಿಕ್ಕಿದ್ದು ತಾಯಿ ಹಾಲೇ ಸರಿ." ಥೆರೆಸಮ್ಮ ನಕ್ಕರು. "ಮಧ್ಯಾಹ್ನ ಫ್ಯಾಕ್ಟರಿಗೆ ಹೊತ್ಕೊಂಡು ಹೋಗೋಕಾಗತ್ತಾ ನಿಮಗೆ?"

ಅವರು ತಮಾಷೆಗೆ ಹೇಳಿದ್ದು. ಆದರೆ ನಾನು ಕೆಲಸಕ್ಕೆ ಮರಳಿದ ದಿನ ಊಟದ ಸೈರನ್ ಕೂಗುವಾಗ ಗೇಟಿನ ಕಡೆ ಗದ್ದಲ ಕೇಳಿತು. ಹೋಗಿ ನೋಡಿದರೆ ಸೊಣ್ಣಮ್ಮಜ್ಜಿ! ತಲೆ ಮೇಲೆ ಸೆರಗು, ಕಂಕುಳಲ್ಲಿ ಹೇಮ. ವಾಚ್‌ಮನ್ ನಲ್ಲಪ್ಪ ಕೋಲು ಅಡ್ಡ ಹಿಡಿದಿದ್ದ.

"ಒಳಗೆ ಬಿಡಂಗಿಲ್ಲಮ್ಮ, ಸಾಹೇಬ್ರು ಬೈತಾರೆ."

"ಯಾರಪ್ಪ ಒಳಿಕ್ ಬಂದ್ರು? ನಿಮ್ ಸಾಯೇಬ್ರು ಉಟ್ಟೋಕ್ ಮುಂಚೆ ನಾನು ಈ ಒಲದಾಗೆ ಕಳೆ ಕಿತ್ತಿವ್ನಿ. ಕಾಂಪೌಂಡ್ ಇಲ್ಲೀಗಂಟ ಅಲ್ವಾ ನಿಮ್ದು? ಈ ಹೊಂಗೆ ಮರ ಆಚೆಗೈತೆ. ಇಲ್ಲಿ ಕುಂತ್ಕೊಂತೀನಿ. ಏನ್ ಮಾಡ್ತೀಯ ಮಾಡು."

ನಲ್ಲಪ್ಪ ಏನೂ ಮಾಡಲಿಲ್ಲ. ನಾನು ನಲ್ಲಿಯಲ್ಲಿ ತಂತಿಗೆ ಬಳಿಯುವ ವಾರ್ನಿಷ್ ವಾಸನೆ ಹೋಗುವವರೆಗೂ ಕೈ ತೊಳೆದು ಮರದ ಕೆಳಗೆ ಬಂದು ಕೂತೆ. ಅಜ್ಜಿ ಸೆರಗು ಹಿಡಿದು ಮರೆ ಮಾಡಿದರು. ಸೂಪರ್‌ವೈಸರ್ ಕಿಟಕಿಯಿಂದ ಹುಬ್ಬು ಗಂಟಿಕ್ಕಿ ನೋಡಿದರು. ಆದರೆ ಊಟದ ಹೊತ್ತು ನಮ್ಮದು; ಅದನ್ನು ಅವರು ಕಿತ್ತುಕೊಳ್ಳುವ ಹಾಗಿರಲಿಲ್ಲ.

ಅವತ್ತಿನಿಂದ ಅದೇ ಕ್ರಮವಾಯಿತು. ಹೊಲದ ಬದುವಿನ ಮೇಲೆ ಅಜ್ಜಿ ಹೇಮನನ್ನು ಹೊತ್ತು ಬರುವುದು ನನ್ನ ಬೆಂಚಿನಿಂದಲೇ ಕಾಣುತ್ತಿತ್ತು. ತಂತಿ ಸುತ್ತುತ್ತ ಸುತ್ತುತ್ತ ಅತ್ತ ಕಣ್ಣು ಹಾಕುತ್ತಿದ್ದೆ. ಮಳೆ ಬಂದರೆ ಗೋಣಿಚೀಲದ ಗೊಪ್ಪೆ ಹೊದ್ದು ಬರುವರು. ಸ್ವಲ್ಪ ದಿನಕ್ಕೆ ಬೇರೆ ಹುಡುಗಿಯರ ಮನೆಗಳಿಂದಲೂ ಅತ್ತೆಯೋ ನಾದಿನಿಯೋ ಕೂಸು ಹೊತ್ತು ಬರತೊಡಗಿದರು. ಮರದ ನೆರಳಲ್ಲಿ ಮಾತು, ನಗು, ಡಬ್ಬಿಗಳ ಚಿತ್ರಾನ್ನ, ಉಪ್ಪಿನಕಾಯಿ. ನಲ್ಲಪ್ಪನೇ ಒಂದು ಕಲ್ಲು ಚಪ್ಪಡಿ ಉರುಳಿಸಿಕೊಂಡು ಬಂದು, ಕೂರಲಿ ಎಂದು ಹಾಕಿದ.

ವಠಾರದಲ್ಲೂ ಅಜ್ಜಿ ಸುಮ್ಮನೆ ಕೂರಲಿಲ್ಲ. ಬಾವಿಗೆ ಕಟ್ಟೆ ಕಟ್ಟಿಸಬೇಕು, ಒಗೆಯುವ ಕಲ್ಲು ಕೆಳಗಿನ ಇಳಿಜಾರಿಗೆ ಹೋಗಬೇಕು, ದೂರದ ಮೂಲೆಯಲ್ಲಿ ಕಕ್ಕಸು ಕಟ್ಟಿಸಬೇಕು ಎಂದು ಮಗನ ಬೆನ್ನು ಹತ್ತಿದರು.

"ಆ ಜಾಗದಾಗೆ ಇನ್ನೊಂದು ಮನೆ ಏಳ್ತದಲ್ಲವ್ವ" ಎಂದರು ವೆಂಕಟರಮಣಪ್ಪ.

"ಇರೋ ಮನೆಗಳಾಗೆ ಮಕ್ಳು ಉಳಿಯೋದು ಬ್ಯಾಡ್ವೇನ್ಲಾ? ನಿಮ್ಮಣ್ಣ ಇದ್ದಿದ್ರೆ ನಂಗೆ ಇಲ್ಲ ಅಂತಿರ್ಲಿಲ್ಲ."

ಆ ಅಣ್ಣನ ಮಾತನ್ನು ತಾಯಿಯ ಬಾಯಲ್ಲಿ ಅವರು ಯಾವತ್ತೂ ಕೇಳಿರಲಿಲ್ಲವೇನೋ. ಕೆಲಸ ಶುರುಮಾಡಿಸಿದರು.

ಮುಂದಿನ ವರ್ಷ ಪಿಳ್ಳಮ್ಮನಿಗೆ ಹೆಣ್ಣುಮಗುವಾಯಿತು. ಬೇಸಿಗೆಯಲ್ಲಿ ಅದಕ್ಕೂ ಹೊಟ್ಟೆ ಕೆಟ್ಟಿತು. ನಾನು ಗಾಬರಿಯಿಂದ ಹೋಗಿ ನೋಡಿದರೆ ಅವಳಾಗಲೇ ನೀರು ಕಾಯಿಸಿ ಆರಿಸಿ, ಬೆರೆಸಿಟ್ಟುಕೊಂಡು, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕುಡಿಸುತ್ತಿದ್ದಳು. "ಬಾ ಅಕ್ಕ, ಕೂತ್ಕೊ. ಕುಡೀತಾವ್ಳೆ" ಎಂದು ನಕ್ಕಳು. ಅವಳ ಹಲ್ಲಿನ ಸಾಲು ಅಷ್ಟು ಚೆಂದ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಸೊಣ್ಣಮ್ಮಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಅವರು ನಡೆದು ಬರುತ್ತಿದ್ದ ಬದು ಇದ್ದ ಕಡೆ ಈಗ ಲಾರಿಗಳು ನಿಲ್ಲುತ್ತವೆ. ನನಗೆ ಹೆಚ್ಚು ನೆನಪಾಗುವುದು ಹೇಮನಿಗೆ ಹಾಲು ಬಿಡಿಸಿದ ದಿನ. ಬಿಡಿಸಿದ್ದೇನು, ಅವಳೇ ಬಿಟ್ಟಳು. ಆಗ ಅವಳು ಅಜ್ಜಿಯ ಬೆರಳು ಹಿಡಿದು ತಾನೇ ನಡೆದು ಬರುತ್ತಿದ್ದಳು. ಅವತ್ತು ನಾನು ಮರದ ಕೆಳಗೆ ಕೂತು ಕೈ ಚಾಚಿದರೆ ಬರಲಿಲ್ಲ. ನಲ್ಲಪ್ಪನ ಕೋಲಿನ ಮೇಲೆ ಕಣ್ಣು. ಅದನ್ನು ಎಳೆದುಕೊಂಡು ಗೇಟಿನುದ್ದಕ್ಕೂ ಓಡಿದಳು. ಅವನು ಹಿಂದೆ ಹಿಂದೆ ಓಡಿದ. ನಾನು ಕರೆದೆ, ಮತ್ತೆ ಕರೆದೆ. ತಿರುಗಿಯೂ ನೋಡಲಿಲ್ಲ.

ಚಾಚಿದ ಕೈಯನ್ನು ಮಡಿಲಿಗೆ ಇಳಿಸಿದೆ. ಸೊಣ್ಣಮ್ಮಜ್ಜಿ ನಕ್ಕರು.

"ಸಾಕಾಯ್ತು ಕಣಮ್ಮಿ ಅವ್ಳಿಗೆ. ಡಬ್ಬಿ ಬಿಚ್ಚು, ನೀನು ಉಣ್ಣು ಇವತ್ತಾದ್ರೂ ನಿಧಾನಕ್ಕೆ."

ಡಬ್ಬಿ ಬಿಚ್ಚಿದೆ. ಅರ್ಧ ಅವರಿಗೆ ಕೊಟ್ಟೆ. ಇಬ್ಬರೂ ಕಲ್ಲು ಚಪ್ಪಡಿಯ ಮೇಲೆ ಕೂತು, ಅವಳು ಓಡುವುದನ್ನು ನೋಡುತ್ತ, ಸೈರನ್ ಕೂಗುವವರೆಗೂ ಉಂಡೆವು.